ಬಡವರ ಮಗು ಫಸ್ಟ್ ಬರಲೇಬೇಕಾ?

ಕನ್ನಡದ ನಿರ್ದೇಶಕರಿಗೆ, ಚಿತ್ರಕಥೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಚಳ್ಳಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ, ಹೊಟ್ಟೆ ತುಂಬುವುದು ಆನ್‌ಲೈನ್ ಅರ್ಜಿಯಿಂದ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟು, ಹಾಸ್ಟೆಲ್, ಸ್ಕಾಲರ್‌ಶಿಪ್, ಸಿಇಟಿ, ಐಟಿಐ, ಜಾತಿ-ಆದಾಯ ಪ್ರಮಾಣಪತ್ರ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನನ್ನ ಅಂಗಡಿ ಮುಂದೆ ಅಪ್ಪ-ಅಮ್ಮಂದಿರ ಸಾಲು. ಉಳಿದ ತಿಂಗಳು ಸ್ವಲ್ಪ ಪುರುಸೊತ್ತು. ಆಗ ಸಿನಿಮಾ ನೋಡುತ್ತೇನೆ. ಕನ್ನಡದ್ದು ಥಿಯೇಟರ್‌ನಲ್ಲಿ, ಬೇರೆ ಭಾಷೆಯದ್ದು ಕಂಪ್ಯೂಟರ್‌ನಲ್ಲಿ. ಶಾಲೆ, ಕಾಲೇಜು, ಓದು ಅಂತ ಕತೆ ಇದ್ದರೆ ಬಿಡುವುದೇ ಇಲ್ಲ. ನನ್ನ ದಂಧೆಯೇ ಅದಲ್ವಾ.

ನಿಮ್ಮ ಮೇಲೆ ಒಂದು ದೂರಿದೆ. ಸಿನಿಮಾದಲ್ಲಿ ಬಡವರ ಮಗು ಓದಬೇಕು ಅಂದರೆ ಅದು ಭಾರೀ ಜಾಣ ಆಗಿರಲೇಬೇಕು. ಸುಮ್ನೆ ಪಾಸಾದರೆ ಸಾಲದು. ರ‍್ಯಾಂಕು ಬರಬೇಕು, ಡಿಸಿ ಆಗಬೇಕು, ಇಲ್ಲವೇ ಎಸ್‌ಪಿ ಆಗಿ ಊರಿಗೆ ಜೀಪಿನಲ್ಲಿ ಬರಬೇಕು. ಅದೇ ಸಿನಿಮಾದಲ್ಲಿ ಸಾಹುಕಾರರ ಮಗನೂ ಕಾಲೇಜಿನಲ್ಲಿ ಇರುತ್ತಾನೆ. ಬೈಕಿನಲ್ಲಿ ಬರುತ್ತಾನೆ, ಹಿಂದಿನ ಬೆಂಚಲ್ಲಿ ನಿದ್ದೆ ಮಾಡುತ್ತಾನೆ, ನಾಲ್ಕು ಸಬ್ಜೆಕ್ಟ್ ಉಳಿಸಿಕೊಳ್ಳುತ್ತಾನೆ. ಅವನಿಗೆ ಸೀಟು ಹೇಗೆ ಸಿಕ್ಕಿತು ಅಂತ ನೀವೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಅವನು ಅಲ್ಲಿರುವುದು ಗೋಡೆ ಕಿಟಕಿ ಇದ್ದಷ್ಟೇ ಸಹಜ. ಬಡವರ ಹುಡುಗ ಮಾತ್ರ ತಾನು ಅಲ್ಲಿ ಇರುವುದಕ್ಕೆ ಎರಡೂವರೆ ಗಂಟೆ ಕಾರಣ ಕೊಡಬೇಕು.

ಕೆಟ್ಟ ಮನಸ್ಸಿನಿಂದ ಹೀಗೆ ಮಾಡುತ್ತೀರಿ ಅಂತ ನಾನು ಹೇಳುತ್ತಿಲ್ಲ. ಬಡವರ ಪರವಾಗಿಯೇ ಮಾಡುತ್ತೀರಿ. ಅದಕ್ಕೇ ಈ ಪತ್ರ ಬರೆಯಬೇಕು ಅನ್ನಿಸಿತು.

2019ರಲ್ಲಿ ಬಂದ ಹಿಂದಿಯ 'ಸೂಪರ್ 30' ನೋಡಿ. ಪಟ್ನಾದ ಆನಂದ್ ಕುಮಾರ್ ಅವರ ಕತೆ. ದುಡ್ಡಿಲ್ಲದೆ ಕೇಂಬ್ರಿಡ್ಜ್‌ಗೆ ಹೋಗಲಾಗದ ಹುಡುಗ ಮುಂದೆ ಬಡ ಮಕ್ಕಳಿಗೆ ಐಐಟಿ ಪರೀಕ್ಷೆಗೆ ಪುಕ್ಕಟೆ ಕೋಚಿಂಗ್ ಕೊಡುತ್ತಾರೆ. ಊಟ, ವಸತಿ ಎಲ್ಲಾ ಅವರದ್ದೇ. ಆ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಸಿನಿಮಾದಲ್ಲಿ ಕೊನೆಗೆ ಮೂವತ್ತಕ್ಕೆ ಮೂವತ್ತೂ ಪಾಸು. ಥಿಯೇಟರ್‌ನಲ್ಲಿ ಶಿಳ್ಳೆ. ಆದರೆ ಆ ಮೂವತ್ತು ಜನರನ್ನು ಆರಿಸಲು ಒಂದು ಪರೀಕ್ಷೆ ನಡೆಯುತ್ತದೆ. ಅದಕ್ಕೆ ಬಂದ ಉಳಿದ ಮಕ್ಕಳು ಏನಾದರು? ಅವರೂ ಅಷ್ಟೇ ದೂರದಿಂದ ಬಂದವರು, ಅಷ್ಟೇ ಬಡವರು. ಲೆಕ್ಕದಲ್ಲಿ ಒಂಚೂರು ಹಿಂದೆ, ಅಷ್ಟೇ. ಕ್ಯಾಮೆರಾ ಅವರ ಹಿಂದೆ ಒಂದು ಹೆಜ್ಜೆಯೂ ಹೋಗುವುದಿಲ್ಲ. ನನ್ನ ಅಂಗಡಿಗೆ ಬರುವವರೆಲ್ಲಾ ಅವರೇ.

2016ರ 'ನಿಲ್ ಬಟ್ಟೆ ಸನ್ನಾಟಾ' ಇನ್ನೂ ಮೆತ್ತಗಿನ ಸಿನಿಮಾ. ಆಗ್ರಾದಲ್ಲಿ ಮನೆಕೆಲಸ ಮಾಡುವ ತಾಯಿ. ಮಗಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ. ಮನೆಕೆಲಸದವಳ ಮಗಳು ಇನ್ನೇನಾಗುತ್ತಾಳೆ ಅನ್ನುವ ಧಾಟಿ ಅವಳದ್ದು. ತಾಯಿಯೇ ಹತ್ತನೇ ಕ್ಲಾಸಿಗೆ ಸೇರಿ ಮಗಳ ಜೊತೆ ಕೂರುತ್ತಾಳೆ. ಗಣಿತ ಕಲಿಯುತ್ತಾಳೆ. ಎಷ್ಟು ಚೆನ್ನಾಗಿದೆ! ಆದರೆ ಕೊನೆಯಲ್ಲಿ ಮಗಳು ಎಲ್ಲಿ ಕೂತಿರುತ್ತಾಳೆ ಗೊತ್ತಲ್ಲ? ಯುಪಿಎಸ್‌ಸಿ ಇಂಟರ್‌ವ್ಯೂನಲ್ಲಿ. ಅವಳು ಹತ್ತನೇ ಕ್ಲಾಸ್ ಪಾಸಾಗಿ, ಡಿಗ್ರಿ ಮಾಡಿ, ಒಂದು ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕೆಲಸಕ್ಕೆ ಸೇರಿದ್ದರೆ ಆ ತಾಯಿ ಪಟ್ಟ ಕಷ್ಟ ದಂಡವಾಗುತ್ತಿತ್ತಾ?

ಸಿನಿಮಾದವರಷ್ಟೇ ಅಲ್ಲ, ಪೇಪರ್‌ನವರೂ ಹೀಗೇ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಮರುದಿನ ನೋಡಿ. ಗಾರೆ ಕೆಲಸದವರ ಮಗಳು 625ಕ್ಕೆ 620, ಬಾಯಿಗೆ ಸಿಹಿ ತುರುಕುವ ಫೋಟೋ. ಅದು ಸಂತೋಷದ ಸುದ್ದಿಯೇ, ಬೇಡ ಅನ್ನಲ್ಲ. ಆದರೆ ಅದೇ ಗಾರೆ ಕೆಲಸದವರ ಮಗ 290 ತೆಗೆದುಕೊಂಡು ನನ್ನ ಮುಂದೆ ನಿಂತಿರುತ್ತಾನೆ. ಪಾಸಾಗಲು ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ, ಇವನು ಪಾಸೇ. ಆದರೂ ಅವನ ಅಪ್ಪನಿಗೆ ತಲೆ ಎತ್ತಲು ನಾಚಿಕೆ. "ಇವ್ನಿಗೆ ಎಲ್ಲಾದ್ರೂ ಒಂದು ಸೀಟ್ ನೋಡಣ್ಣ, ಜಾಣ ಏನಲ್ಲ" ಅನ್ನುತ್ತಾರೆ, ತಪ್ಪು ಮಾಡಿದವರ ಹಾಗೆ. ಅಷ್ಟೇ 290 ತೆಗೆದ ಎಣ್ಣೆ ಮಿಲ್ ಸಾಹುಕಾರರ ಮಗ ಆಗಲೇ ದಾವಣಗೆರೆಯ ಯಾವುದೋ ಪಿಯು ಕಾಲೇಜಿಗೆ ಸೇರಿ ಯೂನಿಫಾರ್ಮ್ ಹೊಲಿಸಿಕೊಂಡಿರುತ್ತಾನೆ. ಇಬ್ಬರಿಗೂ ಒಂದೇ ಮಾರ್ಕ್ಸು. ಒಬ್ಬನಿಗೆ ಮಾತ್ರ ನಾಚಿಕೆ. ಈ ನಾಚಿಕೆಯಲ್ಲಿ ನಿಮ್ಮ ಸಿನಿಮಾಗಳ ಪಾಲೂ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇದಕ್ಕೆ ಉಲ್ಟಾ ಒಂದು ಸಿನಿಮಾ ಇದೆ. ನಿಮಗೆಲ್ಲಾ ಗೊತ್ತಿರುವುದೇ. ಇರಾನಿನ ಮಜೀದ್ ಮಜೀದಿ 1997ರಲ್ಲಿ ಮಾಡಿದ 'ಚಿಲ್ಡ್ರನ್ ಆಫ್ ಹೆವನ್'. ಅಣ್ಣ ಅಲಿ ತಂಗಿಯ ಶೂ ಕಳೆದುಬಿಡುತ್ತಾನೆ. ಹೊಸದು ಕೊಡಿಸಲು ಮನೆಯಲ್ಲಿ ದುಡ್ಡಿಲ್ಲ. ತಂಗಿಗೆ ಬೆಳಗಿನ ಶಾಲೆ, ಅಣ್ಣನಿಗೆ ಮಧ್ಯಾಹ್ನದ ಶಾಲೆ. ಒಂದೇ ಜೊತೆ ಶೂ ಇಬ್ಬರಿಗೂ. ಅವಳು ಓಡಿ ಬರಬೇಕು, ಗಲ್ಲಿಯಲ್ಲಿ ಶೂ ಬಿಚ್ಚಿ ಕೊಡಬೇಕು, ಅವನು ಹಾಕಿಕೊಂಡು ಓಡಬೇಕು. ದಿನಾ ಲೇಟು, ದಿನಾ ಬೈಗುಳ. ಕೊನೆಗೊಂದು ಓಟದ ಸ್ಪರ್ಧೆ. ಮೂರನೇ ಬಹುಮಾನ ಒಂದು ಜೊತೆ ಶೂ. ಅವನು ಮೂರನೆಯವನಾಗಬೇಕು ಅಂತಲೇ ಓಡುತ್ತಾನೆ. ಆದರೆ ಫಸ್ಟ್ ಬಂದುಬಿಡುತ್ತಾನೆ. ಎಲ್ಲರೂ ಎತ್ತಿ ಕುಣಿಸುತ್ತಾರೆ, ಹುಡುಗನ ಕಣ್ಣಲ್ಲಿ ನೀರು.

ಬಡ ಹುಡುಗ ಫಸ್ಟ್ ಬಂದದ್ದೇ ಸೋಲು ಅಂತ ತೋರಿಸಿದ ಸಿನಿಮಾ ನಾನು ಇನ್ನೊಂದು ನೋಡಿಲ್ಲ. ಅವನಿಗೆ ಮೆಡಲ್ ಬೇಡ, ಶೂ ಬೇಕು. ಶೂ ಇದ್ದರೆ ತಂಗಿ ಶಾಲೆಗೆ ಹೋಗುತ್ತಾಳೆ, ಅವನೂ ಲೇಟಾಗದೆ ಹೋಗುತ್ತಾನೆ. ಅಷ್ಟೇ ಕತೆ. ಇಡೀ ಸಿನಿಮಾದಲ್ಲಿ ಒಬ್ಬ ವಿಲನ್ ಇಲ್ಲ. ಒಂದು ಭಾಷಣವೂ ಇಲ್ಲ. ಆದರೆ ಬಡತನಕ್ಕೂ ಶಾಲೆಗೂ ನಡುವೆ ಏನು ಅಡ್ಡ ನಿಲ್ಲುತ್ತದೆ ಅಂತ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಹಾಕಿಕೊಳ್ಳುವಷ್ಟು ಸ್ಪಷ್ಟವಾಗಿ.

ನಮ್ಮ ಕಡೆ ಅಡ್ಡ ನಿಲ್ಲುವುದು ಏನು ಅಂತ ನಾನು ದಿನಾ ನೋಡುತ್ತೇನೆ. ಒಂದೆರಡು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರಬಹುದು.

ಹತ್ತಿರದ ಹಟ್ಟಿಯಿಂದ ಒಬ್ಬ ತಾಯಿ ಬರುತ್ತಾರೆ, ಮಗಳ ಸ್ಕಾಲರ್‌ಶಿಪ್ ಅರ್ಜಿಗೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಅಂಕಪಟ್ಟಿ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ. ಎಲ್ಲಾ ಸರಿಯಾಗಿದೆ. ಎಸ್‌ಎಸ್‌ಪಿ, ಅಂದರೆ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ತೆರೆದು ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕುತ್ತೇನೆ. ಹೆಸರು ಹೊಂದಾಣಿಕೆ ಆಗುತ್ತಿಲ್ಲ ಅನ್ನುತ್ತದೆ. ಯಾಕೆ? ಪ್ರಮಾಣಪತ್ರದಲ್ಲಿ ಇನಿಶಿಯಲ್ ಹಿಂದಿದೆ, ಆಧಾರ್‌ನಲ್ಲಿ ಮುಂದಿದೆ. ಆಧಾರ್ ತಿದ್ದಿಸಬೇಕು. ಅರ್ಜಿಗೂ ಒಟಿಪಿ ಬೇಕು. ಒಟಿಪಿ ಹೋಗುವ ನಂಬರ್ ಮೈದುನನದ್ದು, ಅವನು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾನೆ. ಫೋನ್ ಮಾಡಿದರೆ ಸ್ವಿಚ್ ಆಫ್. ಸಂಜೆವರೆಗೆ ಕೂತು ಹೋಗುತ್ತಾರೆ. ಅವತ್ತಿನ ಕೂಲಿಯೂ ಹೋಯಿತು. ಇನ್ನೊಂದು ದಿನ ಬಂದರೆ ಸರ್ವರ್ ಇರುವುದಿಲ್ಲ. ಮಗಳು ಜಾಣೆಯೋ ದಡ್ಡಿಯೋ, ಇಲ್ಲಿ ಅದಕ್ಕೇನೂ ಸಂಬಂಧವಿಲ್ಲ. ಅವಳ ಓದು ನಿಂತಿರುವುದು ಒಂದು ಇನಿಶಿಯಲ್ ಮೇಲೆ.

ಇನ್ನೊಂದು. ಶೇಂಗಾ ಕೈಕೊಟ್ಟ ವರ್ಷ ಒಬ್ಬ ರೈತರು ಏಳನೇ ಕ್ಲಾಸಿನ ಮಗನನ್ನು ಖಾಸಗಿ ಶಾಲೆಯಿಂದ ಬಿಡಿಸಿ ಸರ್ಕಾರಿ ಶಾಲೆಗೆ ಹಾಕಲು ಹೊರಟರು. ಹಳೆ ಶಾಲೆಯವರು ಬಾಕಿ ಫೀಸು ಕಟ್ಟದೆ ಟಿಸಿ ಕೊಡಲ್ಲ ಅಂದರು. ಟಿಸಿ ತಡವಾಯಿತು ಅಂತ ಮಗುವಿಗೆ ದಾಖಲಾತಿ ನಿರಾಕರಿಸಬಾರದು ಅಂತ ಆರ್‌ಟಿಇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಹೆಡ್‌ಮಾಸ್ಟರಿಗೂ ಗೊತ್ತು. ಒಳ್ಳೆಯವರು, ಹುಡುಗನನ್ನು ಕ್ಲಾಸಿಗೆ ಕೂರಿಸಿಕೊಂಡರು. ಆದರೆ ಎಸ್‌ಎಟಿಎಸ್‌ನಲ್ಲಿ, ಅಂದರೆ ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರದ ಪೋರ್ಟಲ್‌ನಲ್ಲಿ, ಅವನ ನಂಬರ್ ಹಳೆ ಶಾಲೆಯ ಹೆಸರಲ್ಲೇ ಕೂತಿತ್ತು. ಅವರು ಬಿಡದೆ ಇವರಿಗೆ ಸೇರಿಸಿಕೊಳ್ಳಲು ಆಗುವುದಿಲ್ಲ. ಹುಡುಗ ಕ್ಲಾಸಿನಲ್ಲಿದ್ದಾನೆ, ಲೆಕ್ಕದಲ್ಲಿಲ್ಲ. ಇದು ಕಾಮಿಡಿಯೋ ಟ್ರ್ಯಾಜಿಡಿಯೋ ನೀವೇ ಹೇಳಿ. ನನಗಂತೂ ಇದರಲ್ಲಿ ಒಂದು ಇಡೀ ಸಿನಿಮಾ ಕಾಣುತ್ತದೆ.

ಈ ಎರಡರಲ್ಲೂ ಕೂಗಾಡಿದವರು ಯಾರೂ ಇಲ್ಲ. ಹೊಡೆಯಬೇಕಾದ ರೌಡಿ ಇಲ್ಲ. ಎಲ್ಲರೂ "ನಾವೇನ್ ಮಾಡೋಕಾಗುತ್ತೆ, ಸಿಸ್ಟಮ್ ತಗೋತಿಲ್ಲ" ಅನ್ನುವವರೇ. ನಿಮಗೆ ಕಷ್ಟವಾಗುವುದು ಇಲ್ಲೇ ಇರಬೇಕು. ಪುನೀತ್ ರಾಜ್‌ಕುಮಾರ್ ಅವರ 'ಯುವರತ್ನ' (2021) ಶಿಕ್ಷಣದ ವ್ಯಾಪಾರದ ಬಗ್ಗೆ ನೇರವಾಗಿ ಮಾತಾಡಿದ ದೊಡ್ಡ ಬಜೆಟ್ಟಿನ ಸಿನಿಮಾ. ಅಪ್ಪು ಅಂಥ ವಿಷಯ ಒಪ್ಪಿಕೊಂಡರು ಅನ್ನುವುದೇ ನಮಗೆ ಹೆಮ್ಮೆ. ಆದರೆ ಅಲ್ಲಿ ಶಿಕ್ಷಣ ಮಾಫಿಯಾ ಅಂತ ಒಂದು ಗುಂಪಿದೆ, ಅವರಿಗೆ ಮುಖ ಇದೆ, ಆ ಮುಖಕ್ಕೆ ಹೀರೋ ಗುದ್ದುತ್ತಾನೆ. ವಿಷಯ ಮುಗಿಯಿತು. ಡ್ರಾಪ್‌ಡೌನ್ ಪಟ್ಟಿಗೆ ಯಾವ ಹೀರೋ ಗುದ್ದುತ್ತಾನೆ?

ಡ್ರಾಪ್‌ಡೌನ್ ಪಟ್ಟಿ ಅಂದದ್ದಕ್ಕೆ ಕಾರಣ ಇದೆ. ಖಾಸಗಿ ಶಾಲೆಗಳು ಶೇ 25 ಸೀಟನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು ಅಂತ 2009ರ ಆರ್‌ಟಿಇ ಕಾಯ್ದೆ ಹೇಳಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ 2012-13ರಿಂದ ಸೀಟು ಕೊಡಲು ಶುರು ಮಾಡಿದರು. ಆಮೇಲೆ ಸೀಟು ಹಂಚುವ ಲಾಟರಿ ದಿನ ಅಂದರೆ ನನ್ನ ಅಂಗಡಿ ಜಾತ್ರೆ. ಪಿನ್‌ಕೋಡ್ ಹಾಕಿ ವಾರ್ಡ್ ಆರಿಸಿದರೆ ಶಾಲೆಗಳ ಪಟ್ಟಿ ಕೆಳಗಿಳಿಯುತ್ತಿತ್ತು. ಅಪ್ಪಂದಿರು ಪರದೆ ಮುಟ್ಟಿ ಮುಟ್ಟಿ "ಇದು, ಇದು" ಅಂತ ಆರಿಸುತ್ತಿದ್ದರು. 2019ರಲ್ಲಿ ಸರ್ಕಾರ ನಿಯಮ ಬದಲಿಸಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಬಿಡಬೇಕಾಗಿಲ್ಲ ಅಂದಿತು. ಅದೇ ವರ್ಷ ಹೈಕೋರ್ಟ್ ಕೂಡ ಇದನ್ನು ಒಪ್ಪಿತು. ಸರ್ಕಾರಿ ಶಾಲೆ ಇಲ್ಲದ ವಾರ್ಡ್ ಎಲ್ಲಿದೆ ಸ್ವಾಮಿ? ಪಟ್ಟಿ ಖಾಲಿ ಆಯಿತು. ಈಗ ವಾರ್ಡ್ ಒತ್ತಿದರೆ ಅನುದಾನಿತ ಶಾಲೆ ಒಂದೋ ಎರಡೋ ಬಂದರೆ ಪುಣ್ಯ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿದ್ದಾಗ ಖಾಸಗಿಯವರಿಗೆ ಸರ್ಕಾರವೇ ದುಡ್ಡು ಕಟ್ಟುವುದು ಯಾಕೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ದುಡ್ಡು ಉಳಿದ ಮೇಲೆ ಸರ್ಕಾರಿ ಶಾಲೆಯ ಸೂರಿನ ಹಂಚು ಬದಲಾಯಿತಾ ಅನ್ನುವುದೂ ಅಷ್ಟೇ ನ್ಯಾಯವಾದ ಪ್ರಶ್ನೆ. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಿತು. ಬಾಂಬೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು, ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಉಳಿಸಿತು. ಒಂದೇ ಕಾಯ್ದೆ. ಗಡಿಯ ಆಚೆ ನಿಪ್ಪಾಣಿ ಪಕ್ಕದ ಕಾಗಲ್‌ನಲ್ಲಿ ಒಂದು ನ್ಯಾಯ, ಈಚೆ ನಿಪ್ಪಾಣಿಯಲ್ಲಿ ಇನ್ನೊಂದು. ಇದರ ಬಗ್ಗೆ ಒಂದು ಸಿನಿಮಾ ಬಿಡಿ, ಸಿನಿಮಾದಲ್ಲಿ ಒಂದು ಡೈಲಾಗೂ ನಾನು ಕೇಳಿಲ್ಲ.

ಆರ್‌ಟಿಇ ಬಗ್ಗೆ ಸಿನಿಮಾ ಬಂದೇ ಇಲ್ಲವಾ? ಬಂದಿದೆ, ಹಿಂದಿಯಲ್ಲಿ. 2017ರ 'ಹಿಂದಿ ಮೀಡಿಯಂ'. ಚಾಂದನಿ ಚೌಕದಲ್ಲಿ ಬಟ್ಟೆ ಅಂಗಡಿ ಇರುವ ಶ್ರೀಮಂತ ಇರ್ಫಾನ್ ಖಾನ್. ಮಗಳಿಗೆ ದೊಡ್ಡ ಶಾಲೆಯಲ್ಲಿ ಸೀಟು ಸಿಗುವುದಿಲ್ಲ. ಬಡವರ ಕೋಟಾಕ್ಕೆ ಸುಳ್ಳು ದಾಖಲೆ ಕೊಟ್ಟು, ಸಿಕ್ಕಿಬೀಳಬಾರದು ಅಂತ ಬಡವರ ಓಣಿಗೆ ಬಂದು ಬಾಡಿಗೆಗೆ ಇರುತ್ತಾನೆ. ನಗು ತುಂಬಾ ಇದೆ, ಇರ್ಫಾನ್ ಅಂದರೆ ಕೇಳಬೇಕಾ. ಲಾಟರಿಯಲ್ಲಿ ಇವನ ಮಗಳಿಗೆ ಸೀಟು, ಪಕ್ಕದ ಮನೆಯ ನಿಜವಾದ ಬಡವನ ಮಗನಿಗೆ ಇಲ್ಲ. ಅದಕ್ಕೂ ಮೊದಲು ಇವನ ಫೀಸಿಗೆ ದುಡ್ಡು ಹೊಂದಿಸಲು ಆ ಬಡವ ಏನು ಮಾಡುತ್ತಾನೆ ಗೊತ್ತಾ? ಬೇಕಂತಲೇ ಕಾರಿಗೆ ಅಡ್ಡ ಹೋಗಿ, ಪೆಟ್ಟು ತಿಂದು, ಪರಿಹಾರದ ದುಡ್ಡು ತಂದು ಕೊಡುತ್ತಾನೆ.

ನೋಡಿದಾಗ ಕಣ್ಣು ಒದ್ದೆಯಾಯಿತು. ಆಮೇಲೆ ಸಿಟ್ಟು ಬಂತು. ಬಡ ಮಗು ಮೇಧಾವಿ, ಬಡ ಅಪ್ಪ ದೇವರು. ಇಬ್ಬರಲ್ಲಿ ಯಾರಿಗೂ ಮಾಮೂಲಿ ಮನುಷ್ಯರಾಗಿ ಇರಲು ಅವಕಾಶವಿಲ್ಲ. ನನ್ನ ಅಂಗಡಿಗೆ ಬರುವ ಬಡ ಅಪ್ಪಂದಿರಲ್ಲಿ ಸಾಲಿನಲ್ಲಿ ಮುಂದೆ ನುಗ್ಗುವವರಿದ್ದಾರೆ, ಐದು ರೂಪಾಯಿಗೆ ಜಗಳ ಆಡುವವರಿದ್ದಾರೆ, ಆದಾಯ ಕಮ್ಮಿ ಬರೆಸಲು ನೋಡುವವರಿದ್ದಾರೆ, ಕುಡಿದು ಬರುವವರೂ ಇದ್ದಾರೆ. ಅವರ ಮಕ್ಕಳೂ ಓದಬೇಕಲ್ವಾ? ಮೋಸಹೋದ ಬಡವ ಸಿನಿಮಾದಲ್ಲಿ ಶಾಪ ಹಾಕಬೇಕಿತ್ತು, ಕಲ್ಲು ಎತ್ತಬೇಕಿತ್ತು ಅಂತ ಅಲ್ಲ. ಆದರೆ ಇಡೀ ಕತೆ ಶ್ರೀಮಂತನ ಮನಸ್ಸಾಕ್ಷಿಯ ಕತೆಯಾಯಿತು. ಸೀಟು ಕಳೆದುಕೊಂಡ ಹುಡುಗನ ಕತೆ ಆ ಶ್ರೀಮಂತನ ಮನಃಪರಿವರ್ತನೆಗೆ ಒಂದು ಕಾರಣ ಮಾತ್ರ ಆಯಿತು.

ಮರುವರ್ಷ ಬಂದ 'ಹಿಚ್ಕಿ'ಯಲ್ಲಿ ಕೊಳೆಗೇರಿಯ ಮಕ್ಕಳು ದೊಡ್ಡ ಶಾಲೆಯ ಒಳಗೆ ಇದ್ದಾರೆ, ಆದರೆ 9ನೇ 'ಎಫ್' ಅಂತ ಬೇರೆ ಸೆಕ್ಷನ್. ಆ ಬೇರೆ ಸೆಕ್ಷನ್ ತೋರಿಸಿದ್ದು ನಿಜಕ್ಕೂ ದೊಡ್ಡದು. ಆಮೇಲೆ ಎಂದಿನಂತೆ ಒಬ್ಬ ಒಳ್ಳೆ ಟೀಚರ್ ಬರುತ್ತಾರೆ, ಮಕ್ಕಳು ಗೆಲ್ಲುತ್ತಾರೆ. ಸಿನಿಮಾ ನೋಡುವಾಗ ನನ್ನ ತಲೆ ಓಡಿದ್ದು ಬೇರೆ ಕಡೆ. ಆರ್‌ಟಿಇ ಇರುವುದು ಎಂಟನೇ ಕ್ಲಾಸಿನವರೆಗೆ. ಒಂಬತ್ತಕ್ಕೆ ಫೀಸು ಯಾರು ಕಟ್ಟುತ್ತಾರೆ?

ಇದು ತಮಾಷೆಗೆ ಕೇಳಿದ ಪ್ರಶ್ನೆ ಅಲ್ಲ. ನಮ್ಮಲ್ಲಿ 2012-13ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಆರ್‌ಟಿಇ ಮಕ್ಕಳು 2019-20ರಲ್ಲಿ ಎಂಟು ಮುಗಿಸಿದರು. ಅಷ್ಟೊತ್ತಿಗೆ ಕೊರೋನಾ. ಅಪ್ಪಂದಿರಿಗೆ ಕೆಲಸ ಇಲ್ಲ. ಕ್ಲಾಸು ಮೊಬೈಲ್‌ನಲ್ಲಿ. ಆ ಹೊತ್ತಿಗೆ ಸರಿಯಾಗಿ ಒಂಬತ್ತನೇ ಕ್ಲಾಸಿನ ಪೂರ್ತಿ ಫೀಸು. ಎಂಟು ವರ್ಷ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳೆಯರಲ್ಲಿ ಒಬ್ಬ ಅಲ್ಲೇ ಉಳಿದ, ಇನ್ನೊಬ್ಬ ಸರ್ಕಾರಿ ಹೈಸ್ಕೂಲಿಗೆ ಬಂದ. ಬಂದವನು ಇಂಗ್ಲಿಷ್ ಮೀಡಿಯಂನಿಂದ ಕನ್ನಡ ಮೀಡಿಯಂಗೆ. ವಿಜ್ಞಾನದ ಹೆಸರುಗಳೆಲ್ಲಾ ಹೊಸದಾಗಿ ಕಲಿಯಬೇಕು. ಈ ಇಬ್ಬರು ಗೆಳೆಯರ ಬಗ್ಗೆ ಸಿನಿಮಾ ಬೇಡವಾ? ಇದಕ್ಕೆ ಹೀರೋಯಿನ್ ಬೇಕಾಗಿಲ್ಲ, ಫೈಟ್ ಬೇಕಾಗಿಲ್ಲ. ಹಾಡು ಬೇಕಾದರೆ ಹಾಕಿಕೊಳ್ಳಿ.

ಗೇಟಿನ ಒಳಗೆ ಹೋದ ಮೇಲಿನ ಕತೆ ಹೇಗೆ ಹೇಳಬೇಕು ಅನ್ನುವುದಕ್ಕೆ ಪಕ್ಕದವರನ್ನೇ ನೋಡಬಹುದು. ತಮಿಳಿನ ಮಾರಿ ಸೆಲ್ವರಾಜ್ 2018ರಲ್ಲಿ 'ಪರಿಯೇರುಂ ಪೆರುಮಾಳ್' ಮಾಡಿದರು. ದಲಿತ ಹುಡುಗ ತಿರುನೆಲ್ವೇಲಿಯ ಲಾ ಕಾಲೇಜಿಗೆ ಸೇರುತ್ತಾನೆ. ಸೀಟು ಸಿಕ್ಕಿದೆ, ಆದರೆ ಪಾಠ ಇಂಗ್ಲಿಷಿನಲ್ಲಿ. ಏನೂ ತಲೆಗೆ ಹತ್ತುವುದಿಲ್ಲ, ಕ್ಲಾಸಿನಲ್ಲಿ ನಗೆಪಾಟಲು. ಅಪ್ಪನನ್ನು ಕರೆದುಕೊಂಡು ಬಾ ಅಂದಾಗ ಬೇರೆ ಯಾರನ್ನೋ ಅಪ್ಪ ಅಂತ ಕರೆತರುತ್ತಾನೆ. ಅವನ ನಿಜವಾದ ಅಪ್ಪ ಹೆಣ್ಣುವೇಷ ಹಾಕಿ ಕುಣಿಯುವ ಜನಪದ ಕಲಾವಿದ. ಆ ಅಪ್ಪ ಕಾಲೇಜಿಗೆ ಬಂದ ದಿನ ಏನಾಗುತ್ತದೆ ಅಂತ ನೋಡದವರು ನೋಡಿ, ನಾನು ಹೇಳಲಾರೆ.

ಮರಾಠಿಯ ನಾಗರಾಜ್ ಮಂಜುಳೆ ಅವರ 'ಫಂಡ್ರಿ'ಯಲ್ಲಂತೂ (2013) ಹುಡುಗ ಶಾಲೆಗೆ ಹೋಗುತ್ತಲೇ ಇದ್ದಾನೆ. ದಾಖಲೆಯ ಪ್ರಕಾರ ಎಲ್ಲಾ ಸರಿ. ಅಂಥ ಹುಡುಗ ಮನೆಯವರ ಜೊತೆ ಹಂದಿ ಹಿಡಿಯಬೇಕು, ಕ್ಲಾಸಿನವರ ಕಣ್ಣೆದುರೇ. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳುತ್ತದೆ. ಇಡೀ ಕುಟುಂಬ ನೆಟ್ಟಗೆ ನಿಲ್ಲುತ್ತದೆ, ಹಂದಿ ತಪ್ಪಿಸಿಕೊಳ್ಳುತ್ತದೆ. ಒಂದು ಮಾತಿಲ್ಲ. ಕನ್ನಡದಲ್ಲಿ ಈ ದೃಶ್ಯ ಬರೆದಿದ್ದರೆ ಯಾರೋ ಒಬ್ಬ ಮೇಷ್ಟ್ರು ಬಂದು ಭಾಷಣ ಮಾಡುತ್ತಿದ್ದರು, ಬೇಜಾರು ಮಾಡ್ಕೋಬೇಡಿ.

ಹಿಂದಿಯಲ್ಲಿ ಇತ್ತೀಚೆಗೆ ನನಗೆ ಹಿಡಿಸಿದ್ದು 'ಟ್ವೆಲ್ತ್ ಫೇಲ್' (2023). ಅದೂ ಐಪಿಎಸ್ ಕತೆಯೇ. ಚಂಬಲ್ ಕಡೆಯ ಹುಡುಗ, ಕಾಪಿ ಹೊಡೆಸುವ ಶಾಲೆ, ಕಾಪಿ ನಿಂತ ವರ್ಷ ಫೇಲ್, ಆಮೇಲೆ ದೆಹಲಿ. ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಾ ಅಲ್ಲೇ ಓದುತ್ತಾನೆ. ಕೊನೆಗೆ ಪಾಸಾಗುತ್ತಾನೆ, ಇರಲಿ. ನನಗೆ ಹೀರೋಗಿಂತ ಇಷ್ಟವಾದದ್ದು ಗೌರಿ ಭೈಯಾ. ಎಲ್ಲಾ ಪ್ರಯತ್ನ ಮುಗಿದು ಸೋತವನು. ಚಹಾ ಅಂಗಡಿ ಇಟ್ಟುಕೊಂಡು ಬೇರೆ ಹುಡುಗರಿಗೆ ದಾರಿ ಹೇಳುತ್ತಾನೆ. ಸೋತವನಿಗೂ ಒಂದು ಬದುಕು, ಒಂದು ಮರ್ಯಾದೆ ಇದೆ ಅಂತ ಸಿನಿಮಾ ಒಪ್ಪಿಕೊಂಡಿತಲ್ಲ, ಅಷ್ಟಕ್ಕೇ ಸಮಾಧಾನ.

ಕನ್ನಡದಲ್ಲಿ ಏನೂ ಇಲ್ಲ ಅನ್ನುವುದು ಸುಳ್ಳಾಗುತ್ತದೆ. ಕುಂ. ವೀರಭದ್ರಪ್ಪ ಅವರ ಕತೆ ಇಟ್ಟುಕೊಂಡು ನಾಗತಿಹಳ್ಳಿ ಚಂದ್ರಶೇಖರ್ 'ಕೊಟ್ರೇಶಿ ಕನಸು' ಮಾಡಿದ್ದು 1994ರಲ್ಲಿ. ಕೇರಿಯ ಹುಡುಗ ಓದುತ್ತೇನೆ ಅಂದರೆ ಊರಿನ ಹೊಟ್ಟೆಯಲ್ಲಿ ಏನೇನು ಕುದಿಯುತ್ತದೆ ಅನ್ನುವ ಸಿನಿಮಾ. ಆ ಪಾತ್ರಕ್ಕೆ ವಿಜಯ ರಾಘವೇಂದ್ರ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಕನ್ನಡ ಶಾಲೆ ಮುಚ್ಚುವುದರ ಬಗ್ಗೆ. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ರಾಷ್ಟ್ರಪ್ರಶಸ್ತಿ. ಜನರೂ ಮುಗಿಬಿದ್ದು ನೋಡಿದರು. ಆದರೆ ಅಲ್ಲಿ ಜಗಳ ಇರುವುದು ಭಾಷೆಗೆ. ಸರ್ಕಾರಿ ಶಾಲೆ ಅಂದರೆ ನಮಗೆ ಒಂದು ಥರದ ನಾಸ್ಟಾಲ್ಜಿಯಾ ಆಗಿಬಿಟ್ಟಿದೆ. ಮಳೆ, ಹಂಚಿನ ಮನೆ, ಬೈಯುವ ಮೇಷ್ಟ್ರು, ಬಿದ್ದುಬಿದ್ದು ನಗುವ ಹುಡುಗರು. ನೋಡಿ ಕಣ್ಣೀರು ಹಾಕಿ ಹೊರಗೆ ಬಂದ ಮೇಲೆ ನಾವೇ ನಮ್ಮ ಮಕ್ಕಳನ್ನು ಕಾನ್ವೆಂಟಿನ ಬಸ್ಸು ಹತ್ತಿಸುತ್ತೇವೆ. ನನ್ನ ಮಗನೂ ಅದೇ ಬಸ್ಸಿನಲ್ಲಿ ಹೋಗುತ್ತಾನೆ, ಹೇಳಲು ಸಂಕೋಚವೇನಿಲ್ಲ. ಆ ಬಸ್ಸು ಹತ್ತಿಸುವ ಅಪ್ಪನನ್ನು ಸಿನಿಮಾ ಒಮ್ಮೆಯಾದರೂ ನಿಲ್ಲಿಸಿ ಮಾತಾಡಿಸಬೇಕು.

ಪೃಥ್ವಿ ಕೊಣನೂರು ಅವರ 'ಹದಿನೇಳೆಂಟು' ನನ್ನ ಲೆಕ್ಕದಲ್ಲಿ ಬೇರೆ ಸಾಲಿನದ್ದು. ಪಿಯು ಕಾಲೇಜಿನ ಹುಡುಗ-ಹುಡುಗಿಯ ಖಾಸಗಿ ವಿಡಿಯೋ ಹೊರಗೆ ಬರುತ್ತದೆ. ಆಮೇಲೆ ನಡೆಯುವುದೆಲ್ಲಾ ಪ್ರಿನ್ಸಿಪಾಲರ ಕೋಣೆಯಲ್ಲಿ, ಮೀಟಿಂಗಿನಲ್ಲಿ, ಕಾಗದದಲ್ಲಿ. ಜಾತಿ, ದುಡ್ಡು, ಯಾರಿಗೆ ಯಾರು ಗೊತ್ತು ಅನ್ನುವುದೆಲ್ಲಾ ಮೆಲ್ಲಗೆ ಮೇಲೆ ಬರುತ್ತದೆ. ಕಚೇರಿ ಅನ್ನುವುದು ಹೇಗೆ ಕೆಲಸ ಮಾಡುತ್ತದೆ ಅಂತ ಇಷ್ಟು ಚೆನ್ನಾಗಿ ತೋರಿಸಿದ ಕನ್ನಡ ಸಿನಿಮಾ ನಾನು ಕಂಡಿಲ್ಲ. 2022ರಲ್ಲಿ ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗದಲ್ಲಿ ಮೊದಲು ತೋರಿಸಿದ್ದು ಇದೇ ಸಿನಿಮಾ. ನಮ್ಮ ಊರಿನ ಥಿಯೇ‌ಟರಿಗೆ ಬರಲಿಲ್ಲ ಅನ್ನಿ.

ನಮ್ಮ ಕಾಲೇಜು ಕಾಮಿಡಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವನ್ನೂ ಖುಷಿಯಿಂದ ನೋಡುತ್ತೇನೆ. ಒಂದೇ ಮಾತು, ನಮ್ಮ ಸಿನಿಮಾದ ಹಾಸ್ಟೆಲ್ಲುಗಳಲ್ಲಿ ಮೆಸ್ ಬಿಲ್ ಕಟ್ಟಲಾಗದ ಹುಡುಗ ಯಾಕೆ ಯಾವಾಗಲೂ ಹೀರೋನ ಗೆಳೆಯ, ಯಾವತ್ತೂ ಹೀರೋ ಅಲ್ಲ?

ಕತೆ ಇಲ್ಲ ಅನ್ನಬೇಡಿ. ಒಂದು ಕತೆ ನಮ್ಮ ಹೆದ್ದಾರಿಯಲ್ಲೇ ಬಿದ್ದಿದೆ, ಎತ್ತಿಕೊಳ್ಳುವವರಿಲ್ಲ. 1989ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳ ಫೀಸು ಗೊತ್ತು ಮಾಡಿ ಆದೇಶ ಹೊರಡಿಸಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಅದು ಸಿಗದ ಕರ್ನಾಟಕದವರಿಗೆ 25,000. ಹೊರ ರಾಜ್ಯದವರಿಗೆ 60,000. ಒಂದೇ ಕಾಲೇಜು, ಒಂದೇ ಪಾಠ, ಒಂದೇ ಹೆಣ ಕೊಯ್ಯುವ ಟೇಬಲ್, ಮೂರು ರೇಟು. ಮೀರತ್‌ನ ಮೋಹಿನಿ ಜೈನ್ ಅನ್ನುವ ಹುಡುಗಿ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದಕ್ಕೆ ಅರ್ಜಿ ಹಾಕಿದರು. 60,000 ಕೇಳಿದರು. ಅಪ್ಪನ ಕೈಯಲ್ಲಿ ಆಗಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈನಲ್ಲಿ ತೀರ್ಪು ಬಂತು. ಶಿಕ್ಷಣ ಒಂದು ಹಕ್ಕು, ಕ್ಯಾಪಿಟೇಷನ್ ಫೀಸು (ಸೀಟಿಗಾಗಿ ವಸೂಲಿ ಮಾಡುವ ಹೆಚ್ಚುವರಿ ದುಡ್ಡು) ಕಾನೂನಿಗೆ ವಿರುದ್ಧ ಅಂತ ಕೋರ್ಟು ಹೇಳಿತು. ದೇಶವೆಲ್ಲಾ ಆ ತೀರ್ಪನ್ನು ಓದಿತು. ಆದರೆ ಕೋರ್ಸು ಆಗಲೇ ಶುರುವಾಗಿ ಹೋಗಿತ್ತು. ಅರ್ಜಿ ಹಾಕಿದವರಿಗೆ ಮಾತ್ರ ಆ ಸೀಟು ಕೊಡಿಸಲು ಕೋರ್ಟಿನಿಂದ ಆಗಲಿಲ್ಲ. ಮರುವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ ಕೋರ್ಟೇ ಒಂದು ಹೆಜ್ಜೆ ಹಿಂದೆ ಸರಿದು ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಎರಡು ಭಾಗ ಮಾಡಿತು. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿಇಟಿ ಬಂತು. ಇವತ್ತಿನ ಸೀಟ್ ಮ್ಯಾಟ್ರಿಕ್ಸ್, ಆಪ್ಷನ್ ಎಂಟ್ರಿ, ಮ್ಯಾನೇಜ್‌ಮೆಂಟ್ ಕೋಟಾ ಎಲ್ಲದರ ಬುಡ ಅಲ್ಲೇ ಇದೆ. ಚಳ್ಳಕೆರೆಯಿಂದ ತುಮಕೂರಿಗೆ ಬಸ್ಸಿನಲ್ಲಿ ಹೋಗುವಾಗೆಲ್ಲಾ ನನಗೆ ಇದು ನೆನಪಾಗುತ್ತದೆ. ಇನ್ನೇನು ಬೇಕು ನಿಮಗೆ, ಇಂಟರ್ವಲ್ ಕೂಡ ರೆಡಿ ಇದೆ.

ಇಂಥದ್ದೆಲ್ಲಾ ಓಡಲ್ಲ, ಜನ ದುಡ್ಡು ಕೊಟ್ಟು ಗೋಳು ನೋಡಲ್ಲ ಅಂತ ನೀವು ಹೇಳಬಹುದು. ಗೋಳು ಬೇಡ ಅಂತ ನಾನೂ ಹೇಳುತ್ತಿದ್ದೇನೆ. ನನ್ನ ಅಂಗಡಿ ಮುಂದೆ ನಿಲ್ಲುವವರು ಅಳುವುದಕ್ಕಿಂತ ನಗುವುದು ಜಾಸ್ತಿ. ಮಷೀನಿನಲ್ಲಿ ಬೆರಳಿನ ಗುರುತು ಮೂಡದ ಅಜ್ಜಿ "ನಾನು ಸತ್ತೋಗಿದೀನಾ ನೋಡಪ್ಪ ಅದ್ರಲ್ಲಿ" ಅಂತ ಕೇಳಿದಾಗ ಇಡೀ ಸಾಲು ನಕ್ಕಿತ್ತು. ನಿಮ್ಮ ಡೈಲಾಗ್ ಬರಹಗಾರರಿಗೆ ಇದು ಹೊಳೆಯುವುದಿಲ್ಲ, ಸತ್ಯವಾಗಿ ಹೇಳುತ್ತೇನೆ.

ಇನ್ನು ಸಬ್ಸಿಡಿ ಮತ್ತು ರಾಜ್ಯ ಪ್ರಶಸ್ತಿ ಸಮಿತಿಯಲ್ಲಿ ಕೂರುವ ಹಿರಿಯರಿಗೂ ಎರಡು ಮಾತು. ಮಕ್ಕಳ ಚಿತ್ರ ಅಂತ ನಿಮ್ಮ ಮುಂದೆ ಬರುವುದರಲ್ಲಿ ಬಡ ಮಗು ಕೊನೆಗೆ ವೇದಿಕೆ ಮೇಲೆ ಬಹುಮಾನ ತಗೊಳ್ಳುವ ಸಿನಿಮಾ ಎಷ್ಟು ಅಂತ ಒಂದು ಸಲ ಎಣಿಸಿ. ಸರ್ಕಾರದ ದುಡ್ಡು, ಅಂದರೆ ನಮ್ಮ ದುಡ್ಡು, ಬೇರೆ ಥರದ ಕತೆಗೂ ಹೋಗಲಿ. ಆ ಸಿನಿಮಾಗಳನ್ನು ತಾಲ್ಲೂಕು ಕೇಂದ್ರಗಳಲ್ಲಿ ಒಂದು ದಿನವಾದರೂ ತೋರಿಸಲಿ. ಬೆಂಗಳೂರಿನ ಚಿತ್ರೋತ್ಸವದಲ್ಲಿ ನೋಡಿ ಚಪ್ಪಾಳೆ ಹೊಡೆಯುವವರ ಮಕ್ಕಳಿಗೆ ಟಿಸಿ ಸಮಸ್ಯೆ ಬರುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಕತೆ ಬರೆಯಲು ಕೂತರೆ ಒಮ್ಮೆ ಇಲ್ಲಿಗೆ ಬನ್ನಿ. ಜೂನ್ ತಿಂಗಳು ಒಳ್ಳೆಯದು. ಒಂದು ಸ್ಟೂಲ್ ಹಾಕಿಕೊಡುತ್ತೇನೆ, ಎದುರಿನ ಅಂಗಡಿಯಲ್ಲಿ ಚಹಾ ಚೆನ್ನಾಗಿರುತ್ತದೆ. 290 ತೆಗೆದ ಹುಡುಗರ ಜೊತೆ ಮಾತಾಡಿ, ಅವರಿಗೆ ಏನು ಆಗಬೇಕು ಅಂತಿದೆ ಅಂತ ಕೇಳಿ. ಡಿಸಿ ಅನ್ನುವವರು ಕಮ್ಮಿ. ಎಸಿ ರಿಪೇರಿ, ಜೆಸಿಬಿ ಆಪರೇಟರ್, ನರ್ಸಿಂಗ್, ಮೊಬೈಲ್ ಅಂಗಡಿ, ಹೀಗೆ ಹೇಳುತ್ತಾರೆ. ನನ್ನ ಜೊತೆ ಮಾತಾಡಬೇಕು ಅಂದರೆ ಸರ್ವರ್ ಡೌನ್ ಆದಾಗ ಬನ್ನಿ, ಆಗ ನಾನು ಪೂರ್ತಿ ಫ್ರೀ. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಅಂದುಕೊಳ್ಳಿ, ಹೆಚ್ಚುಕಮ್ಮಿ ದಿನಾ.

ಇಂತಿ ನಿಮ್ಮ ಪ್ರೇಕ್ಷಕ,
ಜೆರಾಕ್ಸ್ ಅಂಗಡಿಯವನು, ಚಳ್ಳಕೆರೆ